ಏಳನ್ನು ಕಳೆಯಬೇಕಿತ್ತು, ಅಷ್ಟೇ

ಗಂಜಿ ಹಾಕಿದ ನೂಲಿನ ಸೀರೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಕೂಡಲೇ ಏಳುವ ಬಿಸಿ ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು. ಆಮೇಲೆ ತಮಿಳುನಾಡಿನ ನೆಗಮಂನ ನಮ್ಮ ಮನೆ. ನಡುಮನೆಯ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗ, ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಗಳು, ಲಾಳಿಯ ಸದ್ದಿನ ಜೊತೆಗೇ ಗಟ್ಟಿಯಾಗಿ ಎಣಿಸುವ ಅಪ್ಪನ ದನಿ. ಬೀದಿಯಲ್ಲಿ ತಮಿಳು, ಸ್ಕೂಲಿನಲ್ಲಿ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ಅರ್ಧ ತಮಿಳು ಬೆರೆತ ಕನ್ನಡ. ಈ ಕನ್ನಡ ಅಕ್ಷರ ನಾನು ಕಲಿತದ್ದೇ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಎಣಿಕೆ ಮಾತ್ರ ನಮ್ಮಲ್ಲಿ ಅಪ್ಪಟ ಕನ್ನಡದ್ದು.

ಗೋಪುರದಂಚಿನ ಸೀರೆಗೆ ಲಾಳಿಯ ಒಂದೊಂದು ಓಟಕ್ಕೂ ಅಂಚಿನ ಬಣ್ಣ ಎರಡೆರಡು ಎಳೆ ಒಳಕ್ಕೆ ಏರಬೇಕು. ನಾಲ್ಕು ಓಟ ಏರಿ, ಮೂರು ಓಟ ಹಾಗೇ ನಿಂತು, ಮತ್ತೆ ನಾಲ್ಕು ಓಟ ಎರಡೆರಡೇ ಇಳಿದರೆ ಒಂದು ಗೋಪುರ. ತಿರುವು ಬಂದಾಗೆಲ್ಲ ಅಪ್ಪ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತಿತ್ತು. ನನ್ನ ಅಕ್ಕ ರುಕ್ಕು ಈ ಎಣಿಕೆ ಕೇಳುತ್ತಲೇ ಬೆಳೆದವಳು.

ಅವಳಿಗೆ ಲೆಕ್ಕದ ಟೀಚರ್ ಆಗುವ ಹುಚ್ಚು. ಪ್ಲಸ್ ಒನ್‌ಗೆ ಅಂದರೆ ಹನ್ನೊಂದನೇ ಕ್ಲಾಸಿಗೆ ಸೇರಿಸುವಾಗಲೇ ಅಪ್ಪ ಹೇಳಿಬಿಟ್ಟಿದ್ದರು: ಒಂದು ವಿಷಯದಲ್ಲಿ ಫೇಲಾದರೂ ಮಗ್ಗಕ್ಕೆ ಬಂದುಬಿಡಬೇಕು. ಅರೆವರ್ಷದ ಪರೀಕ್ಷೆಯಲ್ಲಿ ಒಂದು ಗ್ರಾಫ್ ಕೊಟ್ಟರು. ಗೆರೆ ಸೊನ್ನೆಯಿಂದ ಹೊರಟು ನಾಲ್ಕರ ಹತ್ತಿರ ಎಂಟಕ್ಕೆ ಏರುತ್ತದೆ, ಏಳರ ತನಕ ಮಟ್ಟಸವಾಗಿ ಹೋಗುತ್ತದೆ, ಹನ್ನೊಂದರಲ್ಲಿ ಮತ್ತೆ ಸೊನ್ನೆಗೆ ಇಳಿಯುತ್ತದೆ. ಮೂರು ತುಂಡಿಗೂ ಸಮೀಕರಣ ಬರೆಯಬೇಕು. ಅಯ್ಯೋ, ನಮ್ಮ ಮನೆಯ ಗೋಪುರವೇ! ಅಕ್ಕ ನಗುನಗುತ್ತ ಬರೆದಳಂತೆ. ಮೊದಲ ತುಂಡಿಗೆ ಎರಡು ಎಕ್ಸ್, ಸರಿ. ನಡುವಿನದಕ್ಕೆ ಎಂಟು, ಅದೂ ಸರಿ. ಮೂರನೆಯದಕ್ಕೆ ಎಂಟರಲ್ಲಿ ಎರಡು ಎಕ್ಸ್ ಕಳೆದಳು. ತಿರುವು ಬಂತಲ್ಲ, ಅಪ್ಪನ ಹಾಗೆ ಮೊದಲಿಂದ ಎಣಿಸಿದ್ದಳು. ಗ್ರಾಫ್ ಹಾಗೆ ಎಣಿಸುವುದಿಲ್ಲ. ಎಕ್ಸ್‌ನಲ್ಲಿ ಏಳನ್ನು ಕಳೆದು, ಉಳಿದದ್ದನ್ನು ಎರಡರಿಂದ ಗುಣಿಸಿ, ಎಂಟರಿಂದ ತೆಗೆಯಬೇಕಿತ್ತು. ಅಷ್ಟೇ, ತಪ್ಪು ಅಷ್ಟೇ.

ಲೆಕ್ಕದ ಮೇಷ್ಟರು ಇಡೀ ಲೆಕ್ಕಕ್ಕೆ ಕೆಂಪು ಗೀಟು ಎಳೆದು ಸೊನ್ನೆ ಹಾಕಿದರು. ಸರಿಯಿದ್ದ ಎರಡು ತುಂಡಿಗೂ ಒಂದು ಮಾರ್ಕೂ ಕೊಡಲಿಲ್ಲ. ಪಾಸಾಗಲು ಅವಳಿಗೆ ಬೇಕಿದ್ದದ್ದು ಎರಡೇ ಎರಡು ಮಾರ್ಕು! ಅಕ್ಕ ಎದ್ದು ನಿಂತು, ನಮ್ಮ ಮಗ್ಗದಲ್ಲಿ ಹೀಗೇ ಎಣಿಸ್ತೀವಿ ಸಾರ್ ಅಂದಳು. "ಅಪ್ಪಡಿನ್ನಾ ತರಿಯಿಲೇಯೇ ಪೋಯಿ ಉಕ್ಕಾರು," ಅಂದರು. ಹಾಗಾದರೆ ಹೋಗಿ ಮಗ್ಗದಲ್ಲೇ ಕೂರು ಅಂತ. ಕ್ಲಾಸೆಲ್ಲ ನಕ್ಕಿತು. ಓದಿಸುವ ಬಾಯಿ ಆಡುವ ಮಾತಾ ಅದು? ಅವರ ಮೇಲೆ ಎಷ್ಟು ಸಿಟ್ಟೋ ಅಪ್ಪನ ಮೇಲೂ ನನಗೆ ಅಷ್ಟೇ ಸಿಟ್ಟು. ಪೇಪರನ್ನು ಬಿಡಿಸಿ ಕೂಡ ನೋಡದೆ, "ಓದಿದ್ದು ಪೋದುಂ ತಾಯಿ, ಸಾಕು, ನಾಳೆಯಿಂದ ಕೂರು," ಅಂದುಬಿಟ್ಟರು. ಮಾರನೇ ದಿನ ಅಕ್ಕನ ಕಾಲು ಗುಂಡಿಗೆ ಇಳಿಯಿತು. ಅವಳು ಕೂತಳು, ನಾನು ಓದಿದೆ.

ಮೂರು ವರ್ಷಕ್ಕೆ ಅದೇ ಪಾಠ ನನಗೆ ಬಂತು. ಏಳನ್ನು ಕಳೆಯುವ ಗುಟ್ಟು ಗೊತ್ತಾದ ದಿನ ಮನೆಗೆ ಓಡಿ ಬಂದು, ಏದುಸಿರು ಬಿಡುತ್ತ ಹೇಳಿದೆ. ಅಕ್ಕ ಲಾಳಿ ನಿಲ್ಲಿಸಲಿಲ್ಲ.

"ಗೊತ್ತು ಡೀ. ಅವತ್ತು ಬಸ್ಸಲ್ಲಿ ಬರ್ತಾನೇ ಗೊತ್ತಾಯ್ತು."

"ಮತ್ತೆ ಯಾಕಕ್ಕಾ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಈಗ ಅಪ್ಪ ಇಲ್ಲ, ಅಕ್ಕನೂ ಇಲ್ಲ, ಮಗ್ಗದ ಗುಂಡಿಗೆ ಯಾರೋ ಸಿಮೆಂಟು ತುಂಬಿದ್ದಾರೆ. ಅವಳು ನನ್ನ ಮದುವೆಗೆಂದು ನೇಯ್ದ ಸೀರೆ ಇದು. ಇಸ್ತ್ರಿ ಮಾಡುವಾಗ ಬೆರಳು ತಾನಾಗಿ ಅಂಚಿನ ಗೋಪುರ ಎಣಿಸುತ್ತದೆ, ತಿರುವಿನಲ್ಲಿ ಮತ್ತೆ ಒಂದರಿಂದ. ಮೇಷ್ಟರನ್ನು ಬೈದೆ, ಅಪ್ಪನನ್ನು ಬೈದೆ. ಮೂರು ವರ್ಷ ಅವಳ ಪಕ್ಕದಲ್ಲೇ, ಒಂದೇ ಚಾಪೆಯ ಮೇಲೆ ಮಲಗಿದವಳು ನಾನು. ನಾನೂ ಕೇಳಿರಲಿಲ್ಲ.