ಭುಜಬಲಿ ಮಾವನಿಗೆ ಬೇಕಿದ್ದ ಓಟು

ನನ್ನ ಸೋದರಮಾವ ಭುಜಬಲಿ ಪಂಚಾಯತು ಚುನಾವಣೆಗೆ ಮೂರು ಸಲ ನಿಂತರು. ಮೂರು ಸಲವೂ ಊರಿನವರು ನಕ್ಕರು. ಮೊದಲ ಎರಡು ಸಲ ಸೋತದ್ದಕ್ಕೆ, ಮೂರನೆಯ ಸಲ ಗೆದ್ದೂ ಮುಖ ಸಪ್ಪೆ ಮಾಡಿ ಕೂತದ್ದಕ್ಕೆ. ನಕ್ಕವರನ್ನೆಲ್ಲ ಕೂರಿಸಿ ವಿಷಯ ಏನು ಅಂತ ಒಮ್ಮೆ ಸರಿಯಾಗಿ ಹೇಳಬೇಕು ಅಂತ ನನ್ನ ಹೊಟ್ಟೆಯಲ್ಲಿ ಬಹಳ ವರ್ಷದಿಂದ ಉಂಟು. ಈಗ ಅವರಲ್ಲಿ ಹೆಚ್ಚಿನವರು ಇಲ್ಲ. ಆದರೂ ಹೇಳ್ತೇನೆ.

ವೇಣೂರಿನಿಂದ ಶಿರ್ತಾಡಿ ಕಡೆಗೆ ಹೋಗುವ ಮಾರ್ಗದ ಬದಿಯಲ್ಲಿ ಮಾವನ ಜೀನಸಿನ ಅಂಗಡಿ ಇತ್ತು. ಬೆಲ್ಲ, ಉಪ್ಪು, ಒಣಮೆಣಸು, ಚಿಮಿಣಿ ಎಣ್ಣೆ. ಕಾಲು ಸೇರು ಬೆಲ್ಲಕ್ಕೂ ತಕ್ಕಡಿಯ ಮುಳ್ಳು ಪೂರ್ತಿ ನಿಲ್ಲುವವರೆಗೆ ಕಾಯುವ ಮನುಷ್ಯ. ಗಿರಾಕಿಗಳಿಗೆ ತಲೆ ಕೆಡುತ್ತಿತ್ತು. ಹೊತ್ತು ಮುಳುಗುವ ಮೊದಲು ಊಟ ಆಗಬೇಕು, ನಾವು ಜೈನರಲ್ಲವಾ, ಹಾಗಾಗಿ ಸಂಜೆ ಐದೂವರೆಗೆ ಅಂಗಡಿಯಲ್ಲಿ ಎಷ್ಟು ಜನ ನಿಂತಿದ್ದರೂ ಎದ್ದು ಹೋಗಿ ಉಂಡು ಬರುತ್ತಿದ್ದರು. ಇಂಥವರಿಗೆ ಚುನಾವಣೆಯ ಹುಚ್ಚು ಹಿಡಿಸಿದ್ದು ಉಮ್ಮರ್ ಬ್ಯಾರಿ. ಅವನು ಕಾವಡಿಯಲ್ಲಿ ಹಸಿಮೀನು ಹೊತ್ತು ಮನೆಮನೆಗೆ ಹೋಗುವವನು. "ತೂಕ ಸರಿ ಕೊಡುವವರು ಈ ವಾರ್ಡಿನಲ್ಲಿ ನೀವು ಒಬ್ಬರೇ, ನೀವು ನಿಲ್ಲಿ" ಅಂದ. ಪ್ರಚಾರಕ್ಕೆ ಇಬ್ಬರೂ ಜೊತೆಗೇ ಹೊರಟರು. ಮೀನಿನ ವಾಸನೆಗೆ ಮಾವ ಹತ್ತು ಮಾರು ಹಿಂದೆ. ಓಟು ಕೇಳಿದ್ದೆಲ್ಲ ಉಮ್ಮರನೇ.

ಅದು ಐವತ್ತನಾಲ್ಕನೆಯ ಇಸವಿ. ನಾವಿನ್ನೂ ಮದ್ರಾಸಿನ ಕೆಳಗೆ. ನಮ್ಮಂಥ ಸಣ್ಣ ಪಂಚಾಯತಿನಲ್ಲಿ ಆಗ ಕೈ ಎತ್ತಿಸಿ ಎಣಿಸುತ್ತಿದ್ದರು. ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ, ಭುಜಬಲಿಯವರಿಗೆ ಯಾರು ಯಾರು ಅಂತ ಕೇಳಿದಾಗ ಮಾವ ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಾ ಕೂತರಂತೆ. "ತನಗೇ ತಾನು ಕೈ ಎತ್ತುವುದು ಮರ್ಯಾದೆಯಾ?" ಅಂತ ಆಮೇಲೆ ನನ್ನ ಅಮ್ಮನ ಹತ್ತಿರ ಕೇಳಿದರು. ಅಕ್ಕಿ ಮಿಲ್ಲಿನ ರುಕ್ಮಯ್ಯ ತನಗೆ ತಾನೇ ಎತ್ತಿದ, ತನ್ನ ಕೆಲಸದವರ ಕೈಯನ್ನೂ ಎತ್ತಿಸಿದ, ಗೆದ್ದ. ಮಾವನಿಗೆ ಅದೇನು ದೊಡ್ಡ ಬೇಸರ ಆಗಲಿಲ್ಲ.

ಬೇಸರ ಆದದ್ದು ಅರವತ್ತರಲ್ಲಿ. ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಕ್ರಮ ಹೇಳಬೇಕು. ನಮ್ಮಲ್ಲಿ ಅಳಿಯಕಟ್ಟು. ಮನೆ, ಭೂಮಿ ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುವುದು. ಮಾವ ಇದ್ದದ್ದು ತನ್ನ ಅಕ್ಕನ, ಅಂದರೆ ನನ್ನ ಅಮ್ಮನ ಮನೆಯಲ್ಲಿ. ಅವರ ಹೆಂಡತಿ ಪ್ರಭಾವತಿ ಅತ್ತೆಯ ಮನೆ ಶಿರ್ತಾಡಿಯ ಹತ್ತಿರ. ಮದುವೆ ಆದರೂ ಹೆಣ್ಣಿನ ಮನೆ ತಾಯಿಮನೆಯೇ, ಹಕ್ಕು ಅಲ್ಲಿಯೇ. ಅತ್ತೆ ವರ್ಷದಲ್ಲಿ ಒಂಬತ್ತು ತಿಂಗಳು ನಮ್ಮಲ್ಲಿ ಇರುತ್ತಿದ್ದರು, ನಾಟಿಗೆ, ಕೊಯ್ಲಿಗೆ ಅಲ್ಲಿಗೆ ಹೋಗುತ್ತಿದ್ದರು.

ಓಟಿನ ಪಟ್ಟಿ ಬರೆಯಲಿಕ್ಕೆ ಶಾಲೆಯ ಮಾಸ್ತರರು ಬಂದಾಗ ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಅತ್ತೆ ಹಿಂದಿನ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದರು. "ಪ್ರಭಾವತಿಯವರ ಹೆಸರು ಇಲ್ಲಿಯೇ ಬರೆಯುವುದಲ್ಲವಾ?" ಅಂತ ಮಾಸ್ತರರು ಕೇಳಿದರು. ಮಾವ, "ಬೇಡ. ಅವಳ ಮನೆ ಶಿರ್ತಾಡಿಯಲ್ಲಿ. ಅಲ್ಲಿಯೇ ಇರಲಿ" ಅಂದರು. ಆಗ ನನಗೂ ಅದು ಏನೂ ಅನಿಸಲಿಲ್ಲ.

ಈ ಸಲ ಕೈ ಎತ್ತುವುದು ಇಲ್ಲ, ಚೀಟಿ. ಚಿಹ್ನೆಯೂ ತಕ್ಕಡಿಯೇ ಸಿಕ್ಕಿತು. ಉಮ್ಮರನ ಮಾತಿಗೆ ಜನ ತಲೆ ಆಡಿಸಿದರು. ಓಟಿನ ಮುಂಚಿನ ದಿನ ಅತ್ತೆ ಬಸ್ಸು ಹತ್ತಿ ಶಿರ್ತಾಡಿಗೆ ಹೋದರು, ಅಲ್ಲಿ ಮುಖ ನೋಡಿದರೆ ಗುರುತು ಇಲ್ಲದ ಯಾರಿಗೋ ಓಟು ಹಾಕಿದರು. ಇಲ್ಲಿ ಎಣಿಕೆ ಆಯಿತು. ರುಕ್ಮಯ್ಯನಿಗೆ ನೂರ ಮೂವತ್ತೊಂದು. ಮಾವನಿಗೆ ನೂರ ಮೂವತ್ತು.

ಊರಿಗೆ ಅಷ್ಟು ಸಾಕಲ್ಲ. "ಒಂದು ಓಟಿನಲ್ಲಿ ಹೋಯಿತು, ಆ ಒಂದು ಓಟು ಶಿರ್ತಾಡಿಯಲ್ಲಿ ಉಂಟು" ಅಂತ ಬಸ್ಸಿನ ಕಂಡಕ್ಟರನೂ ಹೇಳಿದ. ಮೂರನೆಯ ದಿನ ಅತ್ತೆ ಬಂದು ಇಳಿಯುವಾಗ ಅದೇ ಕಂಡಕ್ಟರ್ ಅವರ ಎದುರಿಗೇ ಹೇಳಿ ಹಲ್ಲು ಬಿಟ್ಟ. ಅತ್ತೆ ಸೀದಾ ಅಂಗಡಿಗೆ ಹೋದರು. ನಾನು ಚಿಮಿಣಿ ಎಣ್ಣೆಗೆ ಅಂತ ಅಲ್ಲಿಯೇ ನಿಂತಿದ್ದೆ.

"ನನ್ನ ಹೆಸರು ಇಲ್ಲಿ ಬರೆಯುವುದು ಬೇಡ ಅಂತ ಹೇಳಿದ್ದು ನೀವಾ?"

"ಹೌದು."

"ಯಾಕೆ? ನನ್ನ ಓಟು ನಿಮಗೆ ಬೇಡವಾ?"

ಮಾವ ತಕ್ಕಡಿ ಕೆಳಗೆ ಇಟ್ಟರು. "ನಿನ್ನ ಮನೆಯಲ್ಲಿ ಪಾಲಿನ ಮಾತು ಶುರುವಾಗಿದೆ. ನಾಳೆ ನಿನ್ನ ಅಣ್ಣ ಭರತರಾಜ ಸರಕಾರದ ಕಾಗದ ತೋರಿಸಿ, ನೋಡಿ, ಇವಳು ಗಂಡನ ಮನೆ ಸೇರಿ ಆಯಿತು, ಇವಳಿಗೆ ಇಲ್ಲಿ ಏನೂ ಇಲ್ಲ ಅಂದರೆ? ನಾನು ಗೆಲ್ಲಲಿಕ್ಕೆ ನಿನ್ನ ಗದ್ದೆ ಕಳೆಯುವುದಾ?"

ಯಾವ ವಕೀಲನನ್ನು ಕೇಳಿದ್ದರೂ ನಗುತ್ತಿದ್ದ. ಓಟಿನ ಪಟ್ಟಿಗೂ ಪಾಲಿಗೂ ಏನು ಸಂಬಂಧ ಮಾರಾಯ್ರೇ? ಆದರೆ ಮಾವ ಕೇಳಿದವರಲ್ಲ. ಸರಕಾರದವರು ಬರೆದದ್ದು ಅಂದರೆ ಅವರಿಗೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಈ ಪೆದ್ದುತನಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಳುವೂ ಬರುತ್ತದೆ.

ಅತ್ತೆ ನಾಲ್ಕು ದಿನ ಮಾತಾಡಲಿಲ್ಲ. ಬಡಿಸುತ್ತಿದ್ದರು, ಮಾತು ಇಲ್ಲ. ಐದನೆಯ ದಿನ ಬಟ್ಟಲಿಗೆ ಗಂಜಿ ಹಾಕುತ್ತಾ, "ಪಾಲು ಆಗಲಿ. ಆದ ಮೇಲೆ ನನ್ನ ಹೆಸರು ಇಲ್ಲಿ ಬರೆಸುವ. ನೀವು ಇನ್ನೊಮ್ಮೆ ನಿಲ್ಲಬೇಕು. ಸೋತರೂ ಅಡ್ಡಿ ಇಲ್ಲ, ನನ್ನ ಓಟು ಒಂದು ನಿಮಗೆ ಬೀಳಬೇಕು" ಅಂದರು. ಮಾವ "ಹಾಗೆಯೇ ಮಾಡುವ" ಅಂದರು. ಅವತ್ತಿನಿಂದ ಮಾವನಿಗೆ ಬೇಕಾದ್ದು ಮೆಂಬರುಗಿರಿ ಅಲ್ಲ, ಆ ಒಂದು ಚೀಟಿ.

ಪಾಲು ಅಂದರೆ ಇವತ್ತು ಹೇಳಿ ನಾಳೆ ಆಗುವುದಲ್ಲ. ನಡುವೆ ಇನ್ನೊಂದು ಚುನಾವಣೆ ಬಂತು, ಮಾವ ನಿಲ್ಲಲಿಲ್ಲ. "ಇನ್ನೂ ಆಗಲಿಲ್ಲ" ಅಂತ ಅಷ್ಟೇ ಹೇಳಿದರು. ಉಮ್ಮರನಿಗೆ ಏನು ಆಗಲಿಲ್ಲ ಅಂತ ಗೊತ್ತಾಗಲಿಲ್ಲ. ಅರವತ್ತಾರರಲ್ಲಿ ಪಾಲುಪಟ್ಟಿ ರಿಜಿಸ್ಟ್ರಿ ಆಯಿತು, ಅತ್ತೆಗೆ ಎರಡು ಗದ್ದೆ ಬಂತು. ಮರುವರ್ಷ ಮಾಸ್ತರರು ಪಟ್ಟಿ ಹಿಡಿದುಕೊಂಡು ಬಂದಾಗ ಅತ್ತೆಯೇ ಎದುರು ನಿಂತು ತನ್ನ ಹೆಸರು ಹೇಳಿದರು. ಬರೆದದ್ದನ್ನು ಓದಿ ತೋರಿಸಿ ಅಂತಲೂ ಕೇಳಿದರು.

ಅರವತ್ತೆಂಟರಲ್ಲಿ ಮಾವ ನಾಮಪತ್ರ ಕೊಟ್ಟರು. ವಯಸ್ಸು ಅರವತ್ತು ದಾಟಿತ್ತು, ಮೊಣಕಾಲು ನೋವು ಬೇರೆ. ಎದುರಿಗೆ ಪುನಃ ರುಕ್ಮಯ್ಯ. ಅತ್ತೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಓಟಿಗೆ ಇನ್ನೂ ಹತ್ತು ದಿನ ಇತ್ತು.

ನಾಮಪತ್ರ ಹಿಂದೆ ತೆಗೆಯುವ ಕಡೆಯ ದಿನ ಸಂಜೆ ನಾಲ್ಕು ಗಂಟೆಗೆ ರುಕ್ಮಯ್ಯ ಬಾಳೆಗೊನೆ ಹೊರಿಸಿಕೊಂಡು ಅಂಗಡಿಗೆ ಬಂದ. "ಭುಜಬಲಿಯವರೇ, ನಾನು ನನ್ನ ಅರ್ಜಿ ವಾಪಸು ತೆಗೆದೆ. ನಿಮ್ಮನ್ನು ಎರಡು ಸಲ ಸೋಲಿಸಿದ್ದು ನನ್ನ ಮನಸ್ಸಿನಲ್ಲಿ ಉಂಟು. ಈ ಸಲ ನೀವು ಅವಿರೋಧ. ಓಟು ಗೀಟು ಏನೂ ಬೇಡ, ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕೂತುಕೊಳ್ಳಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಅವನ ಮೇಲೆ ನನಗೆ ಸಿಟ್ಟು ಇಲ್ಲ.

ಮಾವನ ಮುಖ ಬಿಳಿಚಿಕೊಂಡಿತು. "ನಿಲ್ಲಿ ರುಕ್ಮಯ್ಯನವರೇ. ದಮ್ಮಯ್ಯ, ನಿಲ್ಲಿ. ನೀವೇ ಗೆಲ್ಲಿ, ಓಟು ಒಂದು ಆಗಲಿ" ಅಂದರು. ರುಕ್ಮಯ್ಯ ನಕ್ಕು, ಟೈಮು ಮೂರು ಗಂಟೆಗೇ ಮುಗಿಯಿತು ಅಂದ. ಮಾವ ಕೇಳಲಿಲ್ಲ. ಊಟದ ಹೊತ್ತನ್ನೂ ಬಿಟ್ಟು, ನೋವಿನ ಕಾಲು ಎಳೆದುಕೊಂಡು ಪಂಚಾಯತು ಆಫೀಸಿಗೆ ಹೋಗಿ ಅಧಿಕಾರಿಯ ಹತ್ತಿರ ಕೈ ಮುಗಿದರು. ಗೆದ್ದವನೇ ಬಂದು ಚುನಾವಣೆ ಮಾಡಿಸಿ ಅಂತ ಕೈ ಮುಗಿಯುವುದನ್ನು ಆ ಮನುಷ್ಯ ಕಂಡಿರಲಿಕ್ಕಿಲ್ಲ. ಅವತ್ತು ಮಾವ ಉಪವಾಸವೇ ಮಲಗಿದರು. ಊರು ನಕ್ಕದ್ದು ಇದಕ್ಕೆ.

ಓಟಿನ ದಿನ ಬೇರೆ ವಾರ್ಡಿನವರು ಅಂಗಡಿಯ ಎದುರಿನಿಂದಲೇ ಶಾಲೆಗೆ ಹೋದರು. ಬೆಳಿಗ್ಗೆ ಹತ್ತಕ್ಕೆ ಅತ್ತೆ ಮಜ್ಜಿಗೆ ತಂದರು. ಉಟ್ಟದ್ದು ಆ ಬಿಸಿಲಿಗೆ ಹಾಕಿದ ಸೀರೆಯೇ. ಅಕ್ಕಿ ಗೋಣಿಯ ಮೇಲೆ ಕೂತರು. ರಜೆಗೆ ಬಂದಿದ್ದ ನಾನು ಬೆಲ್ಲ ಕಟ್ಟಿಕೊಡುತ್ತಿದ್ದೆ.

"ಪಟ್ಟಿಯಲ್ಲಿ ನಿನ್ನ ಹೆಸರು ನನ್ನ ಹೆಸರಿನ ಕೆಳಗೇ ಇತ್ತು" ಅಂದರು ಮಾವ.

"ನೋಡಿದ್ದೇನೆ. ಆದರೆ ನಾನು ರುಕ್ಮಯ್ಯನಿಗೆ ಹಾಕುವ ಅಂತ ಇದ್ದೆ."

ಮಾವ ನಕ್ಕರು. "ಎಂಟು ವರ್ಷ ಕಾದೆ, ಪ್ರಭಾ" ಅಂದರು. ಕಣ್ಣಿನಿಂದ ನೀರು ಇಳಿಯಿತು. ಮುಂದಿನ ಚುನಾವಣೆಗೆ ಮಾವ ಇರಲಿಲ್ಲ, ಅದು ಆಗ ಯಾರಿಗೆ ಗೊತ್ತು. ಅತ್ತೆ ಎದ್ದು, ಮಾರ್ಗದಲ್ಲಿ ಜನ ಹೋಗುತ್ತಿರುವಾಗಲೇ, ಒಳ್ಳೆಯ ಸೀರೆಯ ಸೆರಗಿನಿಂದ ಅವರ ಮುಖ ಒರೆಸಿದರು. ನಮ್ಮ ಮನೆಯಲ್ಲಿ ಗಂಡಹೆಂಡತಿ ಇನ್ನೊಬ್ಬರ ಎದುರು ಕೈ ತಾಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.