ಮೊಮ್ಮಗಳ ಕೈ ತಿಕ್ಕಿದವರು

ಮೊಮ್ಮಗಳ ಎಡಗೈ ಮುರಿದದ್ದು ಒಂದು ಶನಿವಾರ ಸಂಜೆ. ಅದು ಮುರಿದಿದೆ ಎಂದು ನಮಗೆ ಗೊತ್ತಾದದ್ದು ಸೋಮವಾರ ಮಧ್ಯಾಹ್ನ. ನಡುವೆ ಆದದ್ದಕ್ಕೆಲ್ಲ ನಾನೇ ಹೊಣೆ.

ನಾನು ಮೂವತ್ತನಾಲ್ಕು ವರ್ಷ ದೈಹಿಕ ಶಿಕ್ಷಕನಾಗಿದ್ದೆ. ಮೊದಲು ಸವದತ್ತಿ, ಆಮೇಲೆ ಕಿತ್ತೂರು, ಕೊನೆಗೆ ಬೈಲಹೊಂಗಲ. ಮೈದಾನದಲ್ಲಿ ಬಿದ್ದ ಹುಡುಗರ ಉಳುಕು ತೆಗೆಯುವುದು ನೌಕರಿಯ ಜೊತೆಗೇ ಬಂದ ಕೆಲಸ. ಬಿಸಿ ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ತಿಕ್ಕಿ, ಕೊನೆಗೆ ಒಮ್ಮೆ ಜಗ್ಗಿದರೆ ಮುಗಿಯಿತು. ನಿವೃತ್ತನಾದ ಮೇಲೂ ಸಂಪಗಾಂವ, ಸಂಗೊಳ್ಳಿ ಕಡೆಯಿಂದ ಜನ ಮಕ್ಕಳನ್ನು ಬೈಕಿನ ಮೇಲೆ ಕೂರಿಸಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ಹೆಮ್ಮೆಯೊಂದೇ ಸಾಕಾಗಿತ್ತು.

ಮೊಮ್ಮಗಳಿಗೆ ಎಂಟು ವರ್ಷ. ಅಂದು ಗೆಳತಿಯರ ಸಂಗಡ ಮನೆ ಮುಂದಿನ ಕಟ್ಟೆಯಿಂದ ಜಿಗಿಯುತ್ತಿದ್ದವಳು ಕೈಯೂರಿ ಬಿದ್ದಳು. ಸೊಸೆ ಎತ್ತಿಕೊಂಡು ಒಳಗೆ ತಂದಳು. ನಾನು ಮುಟ್ಟಿ ನೋಡಿದೆ.

“ಉಳಕೈತಿ, ಅಷ್ಟ. ಎಣ್ಣಿ ಕಾಸಿ ತಾ.”

“ಮಾವಾರ, ಭಾಳ ಬಾತೈತಿ. ಒಮ್ಮೆ ದವಾಖಾನಿಗೆ ತೋರಸೂಣೇನ್ರಿ?”

“ಇಷ್ಟ ವರ್ಷ ನಾ ಏನ ಮಾಡೇನಿ ಮತ್ತ?”

ಸೊಸೆ ಎಣ್ಣೆಯ ಬಟ್ಟಲು ತಂದಿಟ್ಟು ಗೋಡೆಗೆ ಸರಿದು ನಿಂತಳು. ಅಳುವ ಹುಡುಗರಿಗೆ ನಾನು ಯಾವಾಗಲೂ ಎಣಿಸಲು ಹೇಳುತ್ತಿದ್ದೆ. ಇವಳಿಗೂ ಹೇಳಿದೆ: “ಇಪ್ಪತ್ತರ ತನಕ ಎಣಸು, ಅಷ್ಟರಾಗ ಮುಗೀತೈತಿ.” ಹನ್ನೊಂದಕ್ಕೆ ಅವಳ ದನಿ ನಿಂತಿತು. ಉಳಿದದ್ದನ್ನು ನಾನೇ ಎಣಿಸಿದೆ. ಇಪ್ಪತ್ತಕ್ಕೆ ಜಗ್ಗಿದೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಎಂದಿನಂತೆ ಅವಳನ್ನು ಎಬ್ಬಿಸಿ ಅಂಗಳದಲ್ಲಿ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಕವಾಯತು ತಪ್ಪುವುದಿಲ್ಲ. ಕೈ ಮೇಲೆ ಎಂದಾಗ ಬಲಗೈ ಒಂದನ್ನೇ ಎತ್ತಿದಳು.

“ಎರಡೂ.”

“ಅಜ್ಜಾ, ಇದು ಬರವಲ್ದು.”

“ಬರತೈತಿ. ನೀ ಮನಸ್ಸ ಮಾಡಬೇಕು.”

ಆ ಸಂಜೆ ಇನ್ನೊಮ್ಮೆ ತಿಕ್ಕಿದೆ. ಸೋಮವಾರ ಅವಳ ಶಾಲೆಯಿಂದ ಫೋನು ಬಂತು: ಹುಡುಗಿಯ ಕೈ ನೀಲಿಯಾಗಿದೆ, ಬೆರಳು ಮಡಚಲು ಬರುತ್ತಿಲ್ಲ. ಮಗ ಬಸ್ ಕಂಡಕ್ಟರ್, ಪಾಳಿಯ ಮೇಲೆ ಹೊರಗಿದ್ದ. ಸೊಸೆಯೂ ನಾನೂ ಅವಳನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆವು.

ಅಲ್ಲಿ ಬಾಗಿಲು ಕಾಯುವವನು ನನ್ನ ಹಳೆಯ ವಿದ್ಯಾರ್ಥಿ. “ನಮಸ್ಕಾರ್ರಿ ಸರ, ಕುಂದರ್ರಿ,” ಎಂದು ಕುರ್ಚಿ ಎಳೆದು ಕೊಟ್ಟ. ಹೊರಗೆ ಕೂತವರಲ್ಲೂ ಇಬ್ಬರು ಕೈಮುಗಿದರು. ಡಾಕ್ಟರು ನನ್ನ ಮಗನಿಗಿಂತ ಚಿಕ್ಕವರು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬಿದ್ದಾಗ ಎಲುಬು ಬರೇ ಸೀಳಿರಬೇಕು. ತಿಕ್ಕಿ, ಜಗ್ಗಿ ಸರಿಸ್ಯಾರ. ಯಾರ ತಿಕ್ಕಿದ್ದು?”

ಬಾಗಿಲಲ್ಲಿ ನನ್ನ ವಿದ್ಯಾರ್ಥಿ ನಿಂತಿದ್ದ. ಹೇಳಬೇಕಾದದ್ದು ಎರಡೇ ಮಾತು. ಸೀಟಿ ಇಲ್ಲದೆ ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದವನು ನಾನು. ಬಾಯಿ ತೆರೆಯಲಿಲ್ಲ.

“ನಾನ ತಿಕ್ಕೇನ್ರಿ,” ಅಂದಳು ಸೊಸೆ.

“ರೊಟ್ಟಿ ಹಿಟ್ಟ ನಾದೂದು ಅಂತ ತಿಳದಿದ್ರೇನ್ರಿ? ಹಡದ ತಾಯಿ ಇದ್ದೀರಿ. ಇಷ್ಟು ತಿಳೀದಿಲ್ಲ?”

ಸೊಸೆ ತಲೆ ತಗ್ಗಿಸಿದಳು. ಮೊಮ್ಮಗಳು ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ನಾನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.

ಮಂಪರಿನ ಇಂಜೆಕ್ಷನ್ ಕೊಟ್ಟು ಎಲುಬು ಕೂಡಿಸಿದರು. ಆರು ವಾರಕ್ಕೆ ಪ್ಲಾಸ್ಟರ್ ಹಾಕಿದರು. ಮನೆಗೆ ಬರುವಾಗ ಆಟೋದಲ್ಲಿ ಸೊಸೆ ಆ ಮಾತೇ ಎತ್ತಲಿಲ್ಲ. ಸಂಜೆ ಮಗನ ಫೋನು ಬಂದಾಗ ಅವನಿಗೆ ನಿಜ ಹೇಳಬೇಕೆಂದು ನಿಶ್ಚಯಿಸಿದ್ದೆ. ಆದರೆ ಅವನು ಮೊದಲು ಹೆಂಡತಿಯ ಜೊತೆ ಮಾತಾಡಿದ, ಅವಳು ಅವನಿಗೂ ಅದನ್ನೇ ಹೇಳಿದಳು. ಫೋನಿನಲ್ಲಿ ಅವನು ಬೈಯುವುದು ಪಡಸಾಲೆಯವರೆಗೆ ಕೇಳುತ್ತಿತ್ತು. ನಾನು ಎದ್ದು ಹೊರಗೆ ಹೋದೆ.

ಆಮೇಲೆ ಕೂಸನ್ನು ಮಾತಾಡಿಸಲು ಜನ ಬರತೊಡಗಿದರು. ಬ್ರೆಡ್ಡು, ಬಿಸ್ಕಿಟು, ಎಳನೀರು ತಂದು ಕೊಟ್ಟು, ಚಹಾ ಕುಡಿದು, ತಾಯಿ ಹೇಗೆ ತಿಕ್ಕಿ ಕೈ ಕೆಡಿಸಿದಳು ಎಂದು ಸೊಸೆಯ ಬಾಯಿಂದಲೇ ಕೇಳಿ ಹೋಗುತ್ತಿದ್ದರು. ನಾಲ್ಕನೆಯ ದಿನ ಕಟಕೋಳದಿಂದ ಬೀಗತಿ, ಸೊಸೆಯ ತಾಯಿ, ರೊಟ್ಟಿ ಗಂಟು ಹೊತ್ತು ಬಂದರು. ಬಂದವರೇ ಮಗಳ ಮೇಲೆ ಹೋದರು.

“ಮನ್ಯಾಗ ಇಂಥಾ ತಿಳದಾವ್ರು ಅದಾರ. ಅವರ್ನ ಒಂದ ಮಾತ ಕೇಳದ ಎಣ್ಣಿ ಹಚ್ಚಿ ತಿಕ್ಕಿಯಂತ. ತಲ್ಯಾಗ ಏನೈತಿ ನಿನಗ, ಹೊಟ್ಟ?”

ಸೊಸೆ ಚಹಾ ಸೋಸುತ್ತಿದ್ದಳು. ತಿರುಗಿ ನೋಡಲಿಲ್ಲ.

“ಬೀಗರ, ನಮ್ಮ ಹುಡುಗಿದು ತಪ್ಪಾಗೇತಿ. ಹೊಟ್ಟ್ಯಾಗ ಹಾಕ್ಕೋರಿ.”

“ಇರಲಿ ಬಿಡ್ರಿ, ಅಕ್ಕಾರ,” ಎಂದೆ.

ದವಾಖಾನೆಯಲ್ಲಿ ಬಾಯಿ ಬರಲಿಲ್ಲ, ಅದೊಂದು. ಇಲ್ಲಿ ಬಾಯಿ ಬಂತು, ಮತ್ತು ನಾನು ಮಾಡಿದ ತಪ್ಪಿಗೆ ಸೊಸೆಯನ್ನು ಕ್ಷಮಿಸಿದೆ. ಇದಕ್ಕಿಂತ ಕೀಳು ಕೆಲಸ ನಾನು ಮಾಡಿದ್ದು ನೆನಪಿಲ್ಲ.

ಆರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿದಾಗ ಕೈ ಸೊರಗಿ ಕಡ್ಡಿಯಾಗಿತ್ತು. ಅದು ತುಂಬಿಕೊಳ್ಳುತ್ತದೆ ಎಂದರು. ಆದರೆ ಅಂಗೈ ಪೂರ್ತಿ ಮೇಲಕ್ಕೆ ತಿರುಗಲಿಲ್ಲ. ಬೊಗಸೆ ಒಡ್ಡಬೇಕಾದರೆ ಹುಡುಗಿ ಇಡೀ ಮೈಯನ್ನು ವಾಲಿಸಬೇಕಾಗುತ್ತಿತ್ತು. ದಿನಾ ವ್ಯಾಯಾಮ ಮಾಡಿಸಿದರೆ ಸುಧಾರಿಸುತ್ತದೆ, ಪೂರ್ತಿ ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಈ ಮಾತನ್ನೂ ಸೊಸೆಗೇ ಹೇಳಿದರು, ಗದರಿದ ದನಿಯಲ್ಲೇ.

ವ್ಯಾಯಾಮ ಮಾಡಿಸುವ ಕೆಲಸ ನನ್ನದಾಯಿತು. ಬೆಳಿಗ್ಗೆ ಹತ್ತು, ಸಂಜೆ ಹತ್ತು. ಅವಳ ಕೈಗೆ ಲಟ್ಟಣಿಗೆ ಕೊಟ್ಟು ಅತ್ತ ಇತ್ತ ಮೆಲ್ಲಗೆ ತಿರುಗಿಸಲು ಹೇಳುತ್ತಿದ್ದೆ. ನಾನು ಮುಟ್ಟುತ್ತಿರಲಿಲ್ಲ. ಒಂದು ಸಂಜೆ ತಿರುಗಿಸುತ್ತಲೇ ಕೇಳಿದಳು:

“ಅಜ್ಜಾ, ಸಾಲ್ಯಾಗ ಟೀಚರ್ ಕೇಳತಾರ, ಯಾರ ತಿಕ್ಕಿದ್ದು ಅಂತ. ಅವ್ವ ಹೇಳಿದಂಗ ಹೇಳಲೇನು?”

ನನ್ನನ್ನು ಚುಚ್ಚಲು ಕೇಳಿದ್ದಲ್ಲ. ನಮ್ಮ ಮನೆಯ ಶಿಸ್ತು ಯಾವುದೆಂದು ತಿಳಿದುಕೊಳ್ಳಲು ಕೇಳಿದ್ದು.

“ನಿಜ ಹೇಳು,” ಎಂದೆ.

“ನೀ ಹೇಳತೀಯೇನು?”

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಕಟಕೋಳಕ್ಕೆ ಹೊರಟೆ. ಡಾಕ್ಟರಿಗೆ ಹೇಳುವುದು ಸುಲಭ ಎನಿಸಿತು; ಬೀಗತಿಯ ಮುಂದೆ ಹೇಳುವುದು ಕಷ್ಟ, ಆದ್ದರಿಂದ ಅದು ಮೊದಲು ಆಗಬೇಕು. ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕು. ಕಟಕೋಳದ ಮೇಲೆ ಹಾಯುವ ರಾಮದುರ್ಗದ ಎರಡು ಬಸ್ಸು ಕಣ್ಣೆದುರೇ ಹೋದವು, ನಾನು ಹತ್ತಲಿಲ್ಲ. ಜೀವನದಲ್ಲಿ ಬಸ್ಸು ತಪ್ಪಿಸಿಕೊಂಡವನಲ್ಲ ನಾನು. ಮೂರನೆಯದು ಹತ್ತಿದೆ.

ಬೀಗತಿ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದರು. ಸುದ್ದಿಯಿಲ್ಲದೆ ಬಂದವನನ್ನು ಕಂಡು ಗಾಬರಿಯಾಗಿ ಎದ್ದು ನೀರು ತಂದರು. ನಾನು ನೀರು ಮುಟ್ಟದೆ, ನಿಂತುಕೊಂಡೇ ಹೇಳಿದೆ.

“ಅಕ್ಕಾರ, ಕೂಸಿನ ಕೈ ತಿಕ್ಕಿದಾಂವ ನಾನು. ದವಾಖಾನಿಗೆ ಹೋಗೂಣು ಅಂತ ನಿಮ್ಮ ಮಗಳು ಅಂದಿದ್ಲು. ನಾನ ಬ್ಯಾಡಂದೆ.”

ಬೀಗತಿ ನೀರಿನ ತಂಬಿಗೆ ಕೆಳಗಿಟ್ಟರು.

“ಅವತ್ತ ನಾ ಅಕೀನ್ನ ಅಷ್ಟ ಬೈದ್ನಿ. ನೀವು ಕುಂತ ಕೇಳಿದ್ರಿ.”

“ಹೌದ್ರಿ.”

“ಅಕಿ ಸುಳ್ಳ ಹೇಳಾಕಿ ಅಲ್ರಿ ಬೀಗರ. ನಮ್ಮ ಮನ್ಯಾಗಿದ್ದಾಗ ಒಂದ ದಿನ ಹೇಳಿಲ್ಲ. ನಿಮ್ಮ ಮನಿಗೆ ಬಂದ ಕಲತ್ಲು.”

ಬೀಗರನ್ನು ಉಣ್ಣಿಸದೆ ಕಳಿಸುವ ರೂಢಿಯಿಲ್ಲವಾದ್ದರಿಂದ ರೊಟ್ಟಿ ಬಡಿದು ನೀಡಿದರು. ಉಂಡೆ.

ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಸೊಸೆ ಅಡುಗೆಮನೆಯಲ್ಲಿದ್ದಳು.

“ಅವ್ವ ಫೋನ ಮಾಡಿದ್ಲು. ಅಳಾಕ ಹತ್ತಿದ್ಲು,” ಎಂದಳು.

“ಹೇಳಿ ಬಂದೇನಿ ತಂಗಿ. ನಾಳೆ ಡಾಕ್ಟರಿಗೂ ಹೇಳತೇನಿ. ನಿನ್ನ ಗಂಡಗೂ ಹೇಳತೇನಿ, ಪಾಳಿ ಮುಗಿಸಿ ಬರ್ಲಿ.”

ಅವಳು ನನ್ನ ಕಡೆ ನೋಡದೆ ಹೇಳಿದಳು:

“ಎಲ್ಲಾರಿಗೂ ಹೇಳಾಕ ಹೊಂಟೀರಿ, ಮಾವಾರ. ನನಗ ಒಂದ ಮಾತ ಹೇಳಿಲ್ಲ ನೀವು.”

ಎರಡು ಬಸ್ಸು ಹಿಡಿದು ಕಟಕೋಳಕ್ಕೆ ಹೋಗಿ ಬಂದಿದ್ದೆ. ಪಡಸಾಲೆಯಿಂದ ಅಡುಗೆಮನೆಗೆ ಒಮ್ಮೆಯೂ ನಡೆದುಹೋಗಿರಲಿಲ್ಲ. ಎಂಟು ವಾರ ಅವಳು ನನಗೆ ಹೊತ್ತುಹೊತ್ತಿಗೆ ಚಹಾ ಕೊಟ್ಟಿದ್ದಳು, ನಾನು ತೆಗೆದುಕೊಂಡಿದ್ದೆ.

“ತಪ್ಪಾತವಾ,” ಎಂದೆ.

ಅವಳು ಹೂಂ ಅನ್ನಲಿಲ್ಲ, ಇರಲಿ ಅಂತಲೂ ಅನ್ನಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ನಾನು ಅಲ್ಲಿಯೇ ಹೊಸ್ತಿಲ ಬಳಿ, ಅವಳು ಇನ್ನೇನಾದರೂ ಹೇಳಬಹುದೆಂದು ನಿಂತಿದ್ದೆ.