ಅಪ್ಪ ಕೊರೆದ ಮೂಲೆ

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಹರಿಹರದ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು ಅಪ್ಪ ದಾವಣಗೆರೆಯ ಪ್ರೆಸ್ಸಿಗೆ ಮರದ ಅಚ್ಚು ಕೊರೆಯುತ್ತಿದ್ದ. ಊದುಬತ್ತಿ ಪೊಟ್ಟಣಕ್ಕೆ ಕಮಲ, ಬಟ್ಟೆ ಅಂಗಡಿಯ ಚೀಟಿಗೆ ನವಿಲು, ಲಗ್ನಪತ್ರಿಕೆಗೆ ಬಳ್ಳಿಯ ಅಂಚು. ಶಾಯಿ ಹಚ್ಚಿ ಒಂದು ಪ್ರತಿ ಒತ್ತಿ ನೋಡಿ, ಅಚ್ಚನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿಡುತ್ತಿದ್ದ. ಅವನ ಕೆಲಸ ಎಲ್ಲರ ಕೈಗೂ ಹೋಗುತ್ತಿತ್ತು, ಯಾರೂ ಅದನ್ನು ನೋಡುತ್ತಿರಲಿಲ್ಲ. ಊದುಬತ್ತಿ ತೆಗೆದುಕೊಂಡ ಮೇಲೆ ಕಮಲ ಕಸದ ಬುಟ್ಟಿಗೆ. ತಾನು ಕೊರೆದದ್ದನ್ನು ನಿಜವೆಂದು ನಂಬಿ ಒಮ್ಮೆಯಾದರೂ ಯಾರದಾದರೂ ಕಣ್ಣು ಮೋಸಹೋಗಬೇಕು ಅನ್ನುವುದೊಂದೇ ಅವನ ಆಸೆ.

ದಾವಣಗೆರೆಯ ನೂಲಿನ ವ್ಯಾಪಾರಿಯೊಬ್ಬರ ಮಗಳ ಮದುವೆಗೆ, ಯಾರೂ ಕಂಡಿರದಂಥ ಪತ್ರಿಕೆ ಬೇಕೆಂದು ಪ್ರೆಸ್ಸಿನ ಸಾಹುಕಾರರು ಹೇಳಿ ಕಳಿಸಿದರು. ಅಪ್ಪ ಒಂದು ತಿಂಗಳು ಕೂತು, ಕಾಗದದ ಬಲಮೂಲೆ ಹಿಂದಕ್ಕೆ ಮಡಚಿಕೊಂಡು, ತುದಿಯೇ ಇಲ್ಲವೆನ್ನುವ ಹಾಗೆ ಕೆಳಗೆ ನೆರಳು ಬಿದ್ದಂತೆ ಕೂದಲೆಳೆಯ ಗೆರೆಗಳಲ್ಲಿ ಕೊರೆದ. ಮೊದಲ ಪ್ರತಿ ನೋಡಿದವಳು ಅವ್ವ.

"ಹೊಸಾ ಕಾಗದದ ಮೂಲಿ ಯಾಕ ಹರಿದ್ರಿ?"

"ಹರಿದಿಲ್ಲ. ಮುಟ್ಟಿ ನೋಡು."

ಅವ್ವ ಬೆರಳಾಡಿಸಿದಳು. ಕಾಗದ ಇಡಿಯಾಗಿ, ಸಪಾಟಾಗಿ ಇತ್ತು. ಆದರೆ ಅವಳು ನಗಲಿಲ್ಲ. "ಶುಭದ ಪತ್ರಕ್ಕ ಇದು ಬ್ಯಾಡ್ರಿ," ಎಂದಳು. ನಿಮ್ಮ ಮನೆಗಳಲ್ಲೂ ಆ ಪದ್ಧತಿ ಇದ್ದಿರಬಹುದು: ಸಾವಿನ ಸುದ್ದಿಯ ಕಾಗದದ ಮೂಲೆ ಹರಿದು ಕಳಿಸುತ್ತಿದ್ದರು. ಅದನ್ನು ಒಳಗೆ ತರುತ್ತಿರಲಿಲ್ಲ, ಬಾಗಿಲಲ್ಲೇ ಓದಿಸಿ ಹರಿದು ಹಾಕುತ್ತಿದ್ದರು. ಅಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹೆಮ್ಮೆ ಬಂದಾಗ ಕಿವಿ ಕೇಳಿಸುವುದಿಲ್ಲ, ಅಷ್ಟೆ.

ಪೋಸ್ಟ್ ಕಾರ್ಡಿನ ಅಳತೆಯ ಪತ್ರಿಕೆ, ಲಕೋಟೆ ಇಲ್ಲದೆಯೇ ಅಂಚೆಗೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಸಾಹುಕಾರರು ಬಾತಿ ಹಳ್ಳಿಯಿಂದ ಮದುವೆ ಹುಡುಗಿಯ ಸೋದರತ್ತೆಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಅವ್ವ "ಕೂಡ್ರಿ" ಅಂದರೂ ಆ ಮುದುಕಿ ಕೂರಲಿಲ್ಲ.

"ಅಂಚೆಯವ ಕಟ್ಟಿಮ್ಯಾಲೆ ಇಟ್ಟು ಹೋದ. ಮೂಲಿ ನೋಡಿದ್ದೇ ತಡ, ನಮ್ಮಣ್ಣ ಹೋದ ಅಂತ ಅತ್ಕೊಂತ ತಲಿಮ್ಯಾಲೆ ನೀರು ಹಾಕ್ಕೊಂಡೆ. ಆಮ್ಯಾಲೆ ಪಕ್ಕದ ಮನಿ ಮೇಷ್ಟ್ರು ಓದಿ, ಲಗ್ನದ್ದು ಅಂದ್ರು."

ನೆಂಟರೆಲ್ಲರ ಮನೆಯಲ್ಲೂ ಇದೇ ರಂಪ ಆಗಿತ್ತು. "ಇನ್ನ ನಿಮ್ಮ ಅಚ್ಚು ಬ್ಯಾಡ. ಬೆಂಗಳೂರಿಂದ ಸತುವಿನ ಬ್ಲಾಕ್ ತರಿಸ್ತೀನಿ," ಎಂದರು ಸಾಹುಕಾರರು. ಅಪ್ಪ ಅವರ ಕಡೆ ತಿರುಗಲೂ ಇಲ್ಲ.

"ಮುಟ್ಟಿ ನೋಡಿದ್ರೇನಮ್ಮ?" ಎಂದು ಮುದುಕಿಯನ್ನು ಕೇಳಿದ.

"ಮುಟ್ಟಾಕೆ ಧೈರ್ಯ ಎಲ್ಲಿ ಬರ್ತೈತಪ್ಪ?"

ಅಪ್ಪನ ಮುಖ ಅರಳಿತು. ಅದನ್ನು ಕಂಡ ಅವ್ವ ಎದ್ದು ಒಳಗೆ ಹೋಗಿ, ಮನೆಯಲ್ಲಿದ್ದ ಒಂದೇ ಪ್ರತಿಯನ್ನು ಒಲೆಗೆ ಹಾಕಿದಳು. ನನಗೂ ಅಂದು ಅಪ್ಪನ ಮೇಲೆ ಸಿಟ್ಟೇ ಬಂದಿತ್ತು.

ಮದುವೆ ಚೆನ್ನಾಗಿಯೇ ಆಯಿತು. ಕೆಲಸ ಮಾತ್ರ ನಿಂತಿತು. ಒಳ್ಳೆಯ ಮರವೆಂದು ಅಪ್ಪ ಆ ಅಚ್ಚನ್ನೂ ಹೆರೆದು ನುಣ್ಣಗೆ ಮಾಡಿದ. ಆಮೇಲೆ ಹತ್ತಿಯ ಗೋದಾಮಿನಲ್ಲಿ ಅಂಡಿಗೆ ಮೂಟೆಗಳ ಮೇಲೆ ಗುರುತು ಬರೆಯುವ ಕೆಲಸಕ್ಕೆ ಸೇರಿದ.

ಅವನು ತೀರಿಕೊಂಡ ಮೇಲೆ ಆ ಪತ್ರಿಕೆಯ ಒಂದು ಪ್ರತಿಯಾದರೂ ಸಿಕ್ಕೀತೆಂದು ಬಾತಿಗೆ ಹೋದೆ, ಆನೆಕೊಂಡಕ್ಕೆ ಹೋದೆ, ಆ ನೆಂಟರ ಮನೆಗಳನ್ನೆಲ್ಲ ಹುಡುಕಿದೆ. ಎಲ್ಲರಿಗೂ ಅದು ನೆನಪಿತ್ತು. ಪತ್ರಿಕೆ ಮಾತ್ರ ಒಬ್ಬರಲ್ಲೂ ಇರಲಿಲ್ಲ. ಲಗ್ನದ್ದೆಂದು ತಿಳಿದ ಮೇಲೂ ಯಾರೂ ಅದನ್ನು ಹೊಸಿಲು ದಾಟಿಸಿರಲಿಲ್ಲ. ಬಾಗಿಲಲ್ಲೇ ಹರಿದು ಹಾಕಿದ್ದರು.